ಶಾಲೆಯ ಹಳೆಯ ಕಂಪ್ಯೂಟರಿಗೆ ಯಾವ ಡೆಸ್ಕ್‌ಟಾಪ್?

ಮಾನ್ಯ ಸಂಪಾದಕರಿಗೆ,

ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಂದಿನಿಂದ, ನಮ್ಮ ಗದಗ, ಹಾವೇರಿ, ಧಾರವಾಡ ಜಿಲ್ಲೆಗಳ ಶಾಲೆಗಳಲ್ಲಿಯೂ ವಾಚನಾಲಯಗಳಲ್ಲಿಯೂ ಇರುವ ಹಳೆಯ ಕಂಪ್ಯೂಟರುಗಳನ್ನು ಏನು ಮಾಡಬೇಕು ಎಂಬ ಪ್ರಶ್ನೆಯನ್ನು ನನಗೆ ಹಲವರು ಕೇಳಿದ್ದಾರೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ, ಇಂಟೆಲ್ ಆದರೆ ಸಾಮಾನ್ಯವಾಗಿ 8ನೆಯ ತಲೆಮಾರಿನ ಅಥವಾ ಅದರ ಈಚಿನ ಪ್ರೊಸೆಸರೂ ಬೇಕಾಗುವುದರಿಂದ, ಇನ್ನೂ ಚೆನ್ನಾಗಿ ನಡೆಯುತ್ತಿರುವ ಎಷ್ಟೋ ಯಂತ್ರಗಳು ಅದಕ್ಕೆ ಅನರ್ಹವಾಗಿವೆ. ಅವನ್ನು ಗುಜರಿಗೆ ಹಾಕುವ ಬದಲು, ವಿಂಡೋಸಿನ ಜಾಗದಲ್ಲಿ ಬಳಸಬಹುದಾದ, ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಸಿರಿ ಎಂಬ ಸಲಹೆ ಈಗ ಎಲ್ಲ ಕಡೆ ಕೇಳಿಬರುತ್ತಿದೆ. ಆ ಸಲಹೆಯನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಲಿನಕ್ಸ್ ಹಾಕಿಸುವುದೆಂದು ತೀರ್ಮಾನಿಸಿದ ಕೂಡಲೇ ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು, ಅಂದರೆ ಅದರ ಮೇಲೆ ಯಾವ ಡೆಸ್ಕ್‌ಟಾಪ್ (ಪರದೆಯ ಮೇಲೆ ಕಾಣುವ ಮೆನು, ಪಟ್ಟಿಗಳ ಏರ್ಪಾಡು) ಇರಬೇಕು ಎಂಬುದನ್ನು, ಹೆಚ್ಚಿನವರು ಕೇಳುವುದೇ ಇಲ್ಲ. ನಾನು ಕಂಡಂತೆ ಕೆಲಸ ಕೆಡುವುದು ಅಲ್ಲಿಯೇ. ಆದ್ದರಿಂದ ತಮ್ಮ ಪತ್ರಿಕೆಯ ಮೂಲಕ ಈ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಲು ಬಯಸುತ್ತೇನೆ.

ವಿಂಡೋಸಿನಲ್ಲಿ ಈ ಪ್ರಶ್ನೆ ಹುಟ್ಟುವುದಿಲ್ಲ, ಏಕೆಂದರೆ ಅಲ್ಲಿ ಪರದೆಯ ಮೇಲೆ ಕಾಣುವುದೂ ಒಳಗೆ ನಡೆಯುವುದೂ ಒಟ್ಟಿಗೇ ಬರುತ್ತವೆ. ಲಿನಕ್ಸಿನಲ್ಲಿ ಇವೆರಡು ಬೇರೆಬೇರೆ. ವಿಂಡೋಗಳಿಗೆ ಚೌಕಟ್ಟು ಹಾಕಿ, ಅವನ್ನು ಸರಿಸಿ, ಒಂದರ ಮೇಲೊಂದು ಇಡುವ ಕೆಲಸವನ್ನಷ್ಟೇ ಮಾಡುವ ತಂತ್ರಾಂಶಕ್ಕೆ ವಿಂಡೋ ಮ್ಯಾನೇಜರ್ ಎನ್ನುತ್ತಾರೆ. ಅದರ ಜೊತೆಗೆ ಮೆನು, ಕೆಳಗಿನ ಪಟ್ಟಿ, ಕಡತಗಳನ್ನು ತೆರೆಯುವ ವ್ಯವಸ್ಥೆ, ವೈಫೈ, ಧ್ವನಿ, ಪ್ರಿಂಟರು, ಸೆಟ್ಟಿಂಗ್ಸ್ ಎಲ್ಲವನ್ನೂ ಒಂದೇ ಮನೆಯವರಂತೆ ಹೊಂದಿಸಿ ಕೊಟ್ಟರೆ ಅದು ಡೆಸ್ಕ್‌ಟಾಪ್ ಪರಿಸರ. 1996ರಲ್ಲಿ ಕೆಡಿಇ ಮತ್ತು ಎಕ್ಸ್‌ಎಫ್‌ಸಿಇ, 1997ರಲ್ಲಿ ಗ್ನೋಮ್ ಆರಂಭವಾದವು. ಮಾಟೆ, ಸಿನಮನ್, ಎಲ್‌ಎಕ್ಸ್‌ಕ್ಯೂಟಿ ಆಮೇಲೆ ಬಂದವು. ಬರಿಯ ವಿಂಡೋ ಮ್ಯಾನೇಜರುಗಳಂತೂ ಹತ್ತಾರಿವೆ. ಇವುಗಳಲ್ಲಿ ಯಾವುದನ್ನು ಆರಿಸಿದರೂ ಒಳಗಿನ ಲಿನಕ್ಸ್ ಒಂದೇ. ಆದರೆ ಮೌಸ್ ಹಿಡಿದು ಕುಳಿತವರಿಗೆ ಮಾತ್ರ ಪ್ರತಿಯೊಂದೂ ಬೇರೆಯದೇ ಕಂಪ್ಯೂಟರ್.

ಇದನ್ನು ನಾನು ಕಲಿತದ್ದು ಮಕ್ಕಳಿಗೆ ತೊಂದರೆ ಕೊಟ್ಟ ಮೇಲೆ. ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿರುವ 9 ಕಂಪ್ಯೂಟರುಗಳನ್ನು ನಿವೃತ್ತಿಯ ನಂತರ ನಾನು ನೋಡಿಕೊಳ್ಳುತ್ತಿದ್ದೇನೆ. ಎಲ್ಲವೂ 4 ಜಿಬಿ ರ‍್ಯಾಮ್ ಇರುವ ಹಳೆಯ ಯಂತ್ರಗಳು. 2019ರಲ್ಲಿ ಅವುಗಳಿಗೆ ಉಬುಂಟು ಎಂಬ ಒಂದು ಬಗೆಯ ಲಿನಕ್ಸ್ ಹಾಕಿ, ಅದರೊಡನೆ ಬಂದ ಗ್ನೋಮ್ ಅನ್ನೇ ಬಿಟ್ಟೆ. ಯಂತ್ರಗಳು ಏದುಸಿರು ಬಿಡತೊಡಗಿದವು. 2021ರ ಕೊನೆಗೆ ಶಾಲೆ ಮತ್ತೆ ತೆರೆದಾಗ, ನೋಟ ಚೆಂದ, ವಿಂಡೋಸನ್ನು ಹೋಲುತ್ತದೆ ಎಂಬ ಕಾರಣಕ್ಕೆ ಎಲ್ಲದಕ್ಕೂ ಕೆಡಿಇ ಪ್ಲಾಸ್ಮಾ ಹಾಕಿದೆ. ಅದು ಒಳ್ಳೆಯ ಡೆಸ್ಕ್‌ಟಾಪೇ. ಆದರೆ ಅದರಲ್ಲಿ ಎಲ್ಲವನ್ನೂ ಬದಲಿಸಬಹುದಾದ್ದರಿಂದ ಮಕ್ಕಳು ಎಲ್ಲವನ್ನೂ ಬದಲಿಸಿದರು. ಒಂದು ಯಂತ್ರದಲ್ಲಿ ಪಟ್ಟಿ ಎಡಕ್ಕೆ, ಇನ್ನೊಂದರಲ್ಲಿ ಮೇಲಕ್ಕೆ, ಮತ್ತೊಂದರಲ್ಲಿ ಪಟ್ಟಿಯೇ ಇಲ್ಲ. "ಸರ, ಕೆಳಗಿನ ಪಟ್ಟಿ ಎಲ್ಲಿ ಹೋತ್ರಿ?" ಎಂದು ಕೇಳುವುದರಲ್ಲಿಯೇ ಅರ್ಧ ತಾಸು ಕಳೆಯುತ್ತಿತ್ತು. ಗಣಿತದ ಶಿಕ್ಷಕಿಯೊಬ್ಬರು ಎರಡು ವರ್ಷ ಗ್ನೋಮ್ ಕಲಿತು ಮಕ್ಕಳಿಗೆ ಹೇಳಿಕೊಡುವ ಮಟ್ಟಕ್ಕೆ ಬಂದಿದ್ದರು. ನಾನು ಅವರನ್ನು ಒಂದು ಮಾತು ಕೇಳದೆ ಬದಲಾಯಿಸಿದ ಮೇಲೆ ಅವರು ಮತ್ತೆ ಆ ಕೊಠಡಿಗೆ ಬರಲಿಲ್ಲ. ಆ ತಪ್ಪು ನನ್ನದು. ಅದನ್ನು ನೆನೆದರೆ ಇಂದಿಗೂ ಬೇಸರವಾಗುತ್ತದೆ.

2023ರ ಬೇಸಿಗೆ ರಜೆ ಮುಗಿದ ಮೇಲೆ ಡೆಬಿಯನ್ 12 ಎಂಬ ಇನ್ನೊಂದು ಬಗೆಯ ಲಿನಕ್ಸಿನ ಮೇಲೆ ಎಕ್ಸ್‌ಎಫ್‌ಸಿಇ ಹಾಕಿದೆ. ಅದು ಮೊದಲಿಗೆ ಮೇಲೊಂದು ಕೆಳಗೊಂದು ಎರಡು ಪಟ್ಟಿಗಳನ್ನು ತೋರಿಸುತ್ತದೆ. ನಾನು ಒಂದನ್ನು ತೆಗೆದು, ಇನ್ನೊಂದನ್ನು ಕೆಳಗಿಟ್ಟು, ಅದರಲ್ಲಿ ಬೇಕಾದ ಐದಾರು ತಂತ್ರಾಂಶಗಳನ್ನಷ್ಟೇ ಇರಿಸಿ, ವಿದ್ಯಾರ್ಥಿಗಳು ಅದನ್ನು ಅಲುಗಾಡಿಸದಂತೆ ಬೀಗ ಹಾಕಿದೆ. ಎಕ್ಸ್‌ಎಫ್‌ಸಿಇಯ ಸೆಟ್ಟಿಂಗ್ಸ್ ಎಲ್ಲ ಸಾಧಾರಣ ಪಠ್ಯ ಕಡತಗಳಲ್ಲಿ ಇರುವುದರಿಂದ, ಒಂದು ಯಂತ್ರದಲ್ಲಿ ಸರಿಮಾಡಿದ್ದನ್ನು ಪೆನ್‌ಡ್ರೈವಿನಲ್ಲಿ ಒಯ್ದು ಉಳಿದ ಎಂಟಕ್ಕೂ ಹಾಕಲು ಒಂದು ಮಧ್ಯಾಹ್ನ ಸಾಕಾಯಿತು. 2025ರ ಆಗಸ್ಟಿನಲ್ಲಿ ಡೆಬಿಯನ್ 13 ಬಂದ ನಂತರ ಅದಕ್ಕೆ ಏರಿಸಿದೆ, ಎಕ್ಸ್‌ಎಫ್‌ಸಿಇ 4.18 ಹೋಗಿ 4.20 ಬಂತು. ಮರುದಿನ ತರಗತಿಗೆ ಬಂದ ಮಕ್ಕಳಲ್ಲಿ ಒಬ್ಬರಿಗೂ ಏನೋ ಬದಲಾಗಿದೆ ಎಂದು ತಿಳಿಯಲಿಲ್ಲ. ನಾನು ಹೇಳಬೇಕೆಂದಿರುವುದು ಇದನ್ನೇ. ಹತ್ತಾರು ಜನ ಸರದಿಯ ಮೇಲೆ ಕುಳಿತುಕೊಳ್ಳುವ ಕಂಪ್ಯೂಟರಿಗೆ ಡೆಸ್ಕ್‌ಟಾಪ್ ಆರಿಸುವಾಗ ಅದು ಎಷ್ಟು ಹೊಸತು, ಎಷ್ಟು ಚೆಂದ ಎಂದು ನೋಡುವ ಮೊದಲು, ಮುಂದಿನ ಐದು ವರ್ಷ ಅದು ಇದ್ದ ಜಾಗದಲ್ಲಿಯೇ ಇರುತ್ತದೆಯೇ ಎಂಬುದನ್ನು ನೋಡಬೇಕು.

ನನ್ನ ತಂದೆಯವರು ಗದಗಿನ ಮುದ್ರಣಾಲಯವೊಂದರಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದರು. ಮೊಳೆಗಳ ಪೆಟ್ಟಿಗೆಯ ಯಾವ ಖಾನೆಯಲ್ಲಿ ಯಾವ ಅಕ್ಷರ, ಯಾವ ಖಾನೆಯಲ್ಲಿ ಯಾವ ಒತ್ತು ಇದೆ ಎಂಬುದು ಅವರ ಕಣ್ಣಿಗಲ್ಲ, ಕೈಗೆ ಗೊತ್ತಿತ್ತು. ಕಣ್ಣು ಹಸ್ತಪ್ರತಿಯ ಮೇಲಿರುತ್ತಿತ್ತು, ಕೈ ತಾನಾಗಿ ಖಾನೆಗೆ ಹೋಗುತ್ತಿತ್ತು. ಹೊಸಬರು ಯಾರಾದರೂ ಪೆಟ್ಟಿಗೆಯನ್ನು ತಮಗೆ ಅನುಕೂಲವಾಗುವಂತೆ ಹೊಂದಿಸಿಬಿಟ್ಟರೆ ಆ ದಿನದ ಕೆಲಸವೇ ನಿಂತುಹೋಗುತ್ತಿತ್ತು. ಹೊಸ ಹೊಂದಾಣಿಕೆ ಹಳೆಯದಕ್ಕಿಂತ ಉತ್ತಮವಾಗಿದ್ದರೂ ಅಷ್ಟೆ. ಡೆಸ್ಕ್‌ಟಾಪಿನ ಮೆನುವೂ ಪಟ್ಟಿಯೂ ಶಾಲೆಯ ಮಕ್ಕಳಿಗೆ, ವಾಚನಾಲಯಕ್ಕೆ ಬರುವ ಹಿರಿಯರಿಗೆ ಆ ಮೊಳೆಪೆಟ್ಟಿಗೆಯೇ.

ಲಿನಕ್ಸ್ ಲೋಕದ ಇತಿಹಾಸವೂ ಇದನ್ನು ತೋರಿಸಿಕೊಟ್ಟಿದೆ. 2011ರ ಏಪ್ರಿಲ್‌ನಲ್ಲಿ ಗ್ನೋಮ್ 3 ಬಿಡುಗಡೆಯಾದಾಗ, ಗ್ನೋಮ್ 2ರಲ್ಲಿದ್ದ ಮೇಲಿನ ಮೆನು, ಕೆಳಗಿನ ವಿಂಡೋಗಳ ಪಟ್ಟಿ, ವಿಂಡೋವನ್ನು ಕೆಳಗಿಳಿಸುವ ಗುಂಡಿ ಎಲ್ಲವನ್ನೂ ತೆಗೆದು ಹೊಸ ರೀತಿಯನ್ನು ತಂದರು. ಅದನ್ನು ರೂಪಿಸಿದವರಿಗೆ ಅವರದೇ ಆದ ಕಾರಣಗಳಿದ್ದವು, ಇಂದಿನ ಗ್ನೋಮ್ ತನ್ನ ದಾರಿಯಲ್ಲಿ ಬಹಳ ಅಚ್ಚುಕಟ್ಟಾಗಿಯೂ ಇದೆ. ಆದರೂ ಕೈಗೆ ಒಗ್ಗಿದ್ದನ್ನು ಕಳೆದುಕೊಂಡವರ ಅಸಮಾಧಾನ ಎಷ್ಟಿತ್ತೆಂದರೆ, ಅದೇ ವರ್ಷ ಅರ್ಜೆಂಟೀನಾದ ಒಬ್ಬ ಬಳಕೆದಾರರು ಗ್ನೋಮ್ 2ರ ಮೂಲವನ್ನೇ ಎತ್ತಿಕೊಂಡು ಮಾಟೆಯನ್ನು ಆರಂಭಿಸಿದರು. ಲಿನಕ್ಸ್ ಮಿಂಟ್ ಎಂಬ ಮತ್ತೊಂದು ಬಗೆಯ ಲಿನಕ್ಸಿನ ತಂಡದವರು ಹಳೆಯ ಬಗೆಯ ಮೆನು ಮತ್ತು ಪಟ್ಟಿಯನ್ನು ಉಳಿಸಿಕೊಳ್ಳಲು ಸಿನಮನ್ ಕಟ್ಟಿದರು. ಮಾಟೆ ಎಂಬುದು ಅರ್ಜೆಂಟೀನಾದಲ್ಲಿ ಚಹಾದಂತೆ ಕುಡಿಯುವ ಒಂದು ಸೊಪ್ಪಿನ ಹೆಸರು. ಬರಿಯ ರೂಢಿಯನ್ನು ಕಾಪಾಡುವುದಕ್ಕಾಗಿ ಜನ ವರ್ಷಗಟ್ಟಲೆ ದುಡಿಯುತ್ತಾರೆ ಎಂಬುದನ್ನು ನಾವು ಹಗುರವಾಗಿ ಕಾಣಬಾರದು.

ಇನ್ನು ಯಂತ್ರದ ಶಕ್ತಿಯ ಮಾತು. ಆ ಶಾಲೆಯ ಯಂತ್ರಗಳಲ್ಲಿ ಏನನ್ನೂ ತೆರೆಯದೆ ನೋಡಿದಾಗ ಗ್ನೋಮ್ ಸುಮಾರು 1 ಜಿಬಿಗಿಂತ ಹೆಚ್ಚು ರ‍್ಯಾಮ್ ತೆಗೆದುಕೊಳ್ಳುತ್ತಿತ್ತು, ಎಕ್ಸ್‌ಎಫ್‌ಸಿಇ ಅದರ ಅರ್ಧದಷ್ಟು. 8 ಜಿಬಿ ಇರುವ ಯಂತ್ರದಲ್ಲಿ ಈ ವ್ಯತ್ಯಾಸವನ್ನು ಮರೆತುಬಿಡಬಹುದು. 4 ಜಿಬಿಯಲ್ಲಿ ಅದು ಬ್ರೌಸರಿನಲ್ಲಿ ಇನ್ನೂ ಮೂರು ನಾಲ್ಕು ಪುಟ ತೆರೆಯುವಷ್ಟು ಜಾಗ. 2 ಜಿಬಿಯ ಯಂತ್ರವಾದರೆ ಎಲ್‌ಎಕ್ಸ್‌ಕ್ಯೂಟಿ ಅಥವಾ ಐಸ್‌ಡಬ್ಲ್ಯೂಎಂ ಎಂಬ ಹಗುರವಾದ ವಿಂಡೋ ಮ್ಯಾನೇಜರ್ ಹಾಕಿದರೂ ಇಂದಿನ ಜಾಲತಾಣಗಳು ಅದನ್ನು ಮಂಡಿಯೂರಿಸುತ್ತವೆ, ಏಕೆಂದರೆ ಹೆಚ್ಚು ತಿನ್ನುವುದು ಡೆಸ್ಕ್‌ಟಾಪ್ ಅಲ್ಲ, ಬ್ರೌಸರ್. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಎಂಬ ಹೊಸ ಬಗೆಯ ವೇಗದ ಡಿಸ್ಕನ್ನು ಚಿಕ್ಕದೊಂದು ಹಾಕಿಸಿದ ಎರಡು ಯಂತ್ರಗಳಲ್ಲಿ ನಾನು ಕಂಡ ವೇಗ ಯಾವ ಡೆಸ್ಕ್‌ಟಾಪ್ ಬದಲಾವಣೆಯಿಂದಲೂ ಬಂದಿರಲಿಲ್ಲ. ದಾನಿಗಳು ಹೊಸ ಕಂಪ್ಯೂಟರ್ ಒಂದನ್ನು ಕೊಡುವ ಹಣದಲ್ಲಿ ಹಲವು ಯಂತ್ರಗಳಿಗೆ ಎಸ್‌ಎಸ್‌ಡಿ ಕೊಡಬಹುದು. ಇನ್ನೊಂದು ಎಚ್ಚರಿಕೆ: ಡೆಬಿಯನ್ 13ರಿಂದ 32 ಬಿಟ್ಟಿನ ಪಿಸಿಗಳಿಗೆ ಅನುಸ್ಥಾಪನೆಯ ವ್ಯವಸ್ಥೆ ಇಲ್ಲವಾದ್ದರಿಂದ, ತೀರ ಹಳೆಯ ಯಂತ್ರವನ್ನು ದಾನವಾಗಿ ಪಡೆಯುವಾಗ ಅದು 64 ಬಿಟ್ಟಿನದೇ ಎಂದು ಮೊದಲೇ ನೋಡಿಕೊಳ್ಳಬೇಕು.

ಎಲ್ಲಕ್ಕಿಂತ ಮುಖ್ಯವಾದ, ಆದರೆ ಡೆಸ್ಕ್‌ಟಾಪುಗಳ ಹೋಲಿಕೆ ಮಾಡುವವರ ಗಮನಕ್ಕೆ ಸಾಮಾನ್ಯವಾಗಿ ಬಾರದ ಸಂಗತಿಯೆಂದರೆ ಕನ್ನಡ ಟೈಪಿಂಗ್. ನಮ್ಮ ಶಿಕ್ಷಕರೂ ಗುಮಾಸ್ತರೂ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಪಳಗಿದವರು, ಕೆ.ಪಿ. ರಾವ್ ಅವರು ರೂಪಿಸಿದ, ಇಂದು ಕಗಪ ಎಂದು ಹೆಸರಾಗಿರುವ ಕೀಲಿಮಣೆ ವಿನ್ಯಾಸ ಅವರ ಬೆರಳಿನಲ್ಲಿದೆ. ಅದೇ ವಿನ್ಯಾಸ ಲಿನಕ್ಸಿನಲ್ಲಿಯೂ ಐಬಸ್ ಎಂಬ ಬರವಣಿಗೆ ವ್ಯವಸ್ಥೆಯ ಎಂ17ಎನ್ ಎಂಬ ವಿನ್ಯಾಸಗಳ ಸಂಗ್ರಹದಲ್ಲಿ, ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸದ ಜೊತೆಗೆ, ಸಿಗುತ್ತದೆ. ಆದರೆ ಅದು ಸಿಗುವ ರೀತಿ ಡೆಸ್ಕ್‌ಟಾಪಿನಿಂದ ಡೆಸ್ಕ್‌ಟಾಪಿಗೆ ಬೇರೆ. ಗ್ನೋಮಿನಲ್ಲಿ ಐಬಸ್ ಒಳಗೇ ಹೊಂದಿಕೊಂಡಿದೆ. ಸೆಟ್ಟಿಂಗ್ಸಿನ ಕೀಲಿಮಣೆ ಪುಟದಲ್ಲಿ ಕನ್ನಡವನ್ನು ಸೇರಿಸಿದರೆ ಮುಗಿಯಿತು. ಈ ವಿಷಯದಲ್ಲಿ ಗ್ನೋಮಿಗೆ ಸರಿಸಾಟಿಯಿಲ್ಲ ಎಂದು ಒಪ್ಪಿಕೊಳ್ಳಲೇಬೇಕು. ಹೊಸ ಪ್ಲಾಸ್ಮಾದಲ್ಲಿ ಎಫ್‌ಸಿಐಟಿಎಕ್ಸ್ 5 ಎಂಬ ಇನ್ನೊಂದು ವ್ಯವಸ್ಥೆ ಹೆಚ್ಚು ಚೆನ್ನಾಗಿ ಹೊಂದುತ್ತದೆ, ಮತ್ತು ಅದನ್ನು ವರ್ಚುವಲ್ ಕೀಬೋರ್ಡ್ ಎಂಬ, ಯಾರೂ ಊಹಿಸದ ಜಾಗದಲ್ಲಿ ಆರಿಸಬೇಕು. ಎಕ್ಸ್‌ಎಫ್‌ಸಿಇಯಲ್ಲಿ ಐಬಸ್ ಅನ್ನು ಪ್ರತ್ಯೇಕವಾಗಿ ಹಾಕಿ, ಲಾಗಿನ್ ಆದಾಗ ತಾನಾಗಿ ಶುರುವಾಗುವಂತೆ ಹೊಂದಿಸಬೇಕು. ಒಮ್ಮೆ ಹೊಂದಿಸಿದರೆ ಮತ್ತೆ ತೊಂದರೆಯಿಲ್ಲ, ಆದರೆ ಹೊಂದಿಸುವವರಿಗೆ ಆ ಅರಿವು ಇರಬೇಕು. ನುಡಿಯಲ್ಲಿ ಸ್ಕ್ರಾಲ್ ಲಾಕ್ ಒತ್ತಿ ಭಾಷೆ ಬದಲಿಸಿ ರೂಢಿಯಾದವರು ಇಲ್ಲಿ ಯಾವ ಕೀಲಿಯೆಂದು ತಿಳಿಯದೆ, "ಇದರಾಗ ಕನ್ನಡ ಬರೂದಿಲ್ಲ" ಎಂದು ಎದ್ದುಹೋಗುವುದನ್ನು ನಾನು ಕಂಡಿದ್ದೇನೆ. ಕನ್ನಡ ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಲಿನಕ್ಸ್ ಹಾಕಿಕೊಟ್ಟವರು ಇಂಗ್ಲಿಷಿನಲ್ಲಿ ಬ್ರೌಸರ್ ತೆರೆದು ನೋಡಿ ಹೋಗಿರುತ್ತಾರೆ ಅಷ್ಟೆ.

ಇದಕ್ಕೆ ಸೇರಿದ ಇನ್ನೊಂದು ತೊಡಕನ್ನೂ ಹೇಳಬೇಕು. ನುಡಿಯ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆಗಳು, ನಡಾವಳಿಗಳು ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಯೂನಿಕೋಡ್ ಅಕ್ಷರ ಸಂಕೇತದಲ್ಲಿ ಇಲ್ಲವಾದ್ದರಿಂದ, ಲಿಬ್ರೆಆಫೀಸ್ ಎಂಬ ಕಚೇರಿ ಕೆಲಸದ ತಂತ್ರಾಂಶದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಳ್ಳುತ್ತವೆ. ಇದು ಯಾವ ಡೆಸ್ಕ್‌ಟಾಪಿನ ದೋಷವೂ ಅಲ್ಲ. ಅಂಥ ಕಡತಗಳನ್ನು ಪರಿವರ್ತಿಸಿಯೇ ತೀರಬೇಕು, ಇಂದಲ್ಲ ನಾಳೆ ವಿಂಡೋಸಿನಲ್ಲಿಯೂ. ಅದನ್ನು ಮೊದಲೇ ತಿಳಿಸದಿದ್ದರೆ ಅಪವಾದ ಮಾತ್ರ ಲಿನಕ್ಸಿನ ಮೇಲೆ ಬರುತ್ತದೆ.

ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಬಿಡುವಿನಲ್ಲಿ ಇಂಥ ಶಾಲೆಗಳಿಗೆ ಬಂದು ಕೈಜೋಡಿಸುತ್ತಿರುವುದು ಬಹಳ ಸಂತೋಷದ ವಿಷಯ. ಅವರಲ್ಲಿ ಕೆಲವರು ಹಳೆಯ ಯಂತ್ರಗಳಿಗೆ ಡೆಸ್ಕ್‌ಟಾಪ್ ಪರಿಸರವೇ ಬೇಡ, ಐ3ಯಂಥ ಟೈಲಿಂಗ್ ವಿಂಡೋ ಮ್ಯಾನೇಜರ್ ಸಾಕು ಎಂದು ವಾದಿಸುತ್ತಾರೆ. ಅವರ ವಾದದಲ್ಲಿ ಹುರುಳಿದೆ. ವಿಂಡೋಗಳು ಒಂದರ ಮೇಲೊಂದು ಬೀಳದೆ ನೆಲಕ್ಕೆ ಹಾಸುಗಲ್ಲು ಜೋಡಿಸಿದಂತೆ ಪಕ್ಕಪಕ್ಕದಲ್ಲಿ ಕುಳಿತುಕೊಳ್ಳುತ್ತವೆ. ಮೌಸ್ ಮುಟ್ಟದೆ ಕೀಲಿಮಣೆಯಿಂದಲೇ ಎಲ್ಲ ಕೆಲಸ ಆಗುತ್ತದೆ. ರ‍್ಯಾಮ್ ಬಹಳ ಕಡಿಮೆ ಸಾಕು. ನಾನು ಮನೆಯಲ್ಲಿ ಬಳಸುವುದು ಐ3ಯನ್ನೇ. ಹಾಗಿದ್ದೂ ಅದನ್ನು ಶಾಲೆಗೆ ಒಯ್ಯಲು ನಾನು ಒಪ್ಪದಿರುವುದಕ್ಕೆ ಕಾರಣಗಳಿವೆ. ಐ3ಯಲ್ಲಿ ಎಲ್ಲವೂ ಒಂದು ಪಠ್ಯ ಕಡತದಲ್ಲಿ ಬರೆದ ಆದೇಶಗಳಂತೆ ನಡೆಯುತ್ತದೆ. ಐಬಸ್ ಶುರುಮಾಡುವುದನ್ನೂ ಅಲ್ಲಿಯೇ ಬರೆಯಬೇಕು. ಕೀಲಿಗಳನ್ನು ಅವುಗಳ ಅಕ್ಷರದ ಹೆಸರಿನಿಂದ ಗುರುತಿಸುವ ಬೈಂಡ್‌ಸಿಮ್ ಬಳಸಿದರೆ, ಕೀಲಿಮಣೆಯ ವಿನ್ಯಾಸವನ್ನೇ ಕನ್ನಡಕ್ಕೆ ಬದಲಿಸಿದಾಗ ಆ ಅಕ್ಷರವೇ ಅಲ್ಲಿರುವುದಿಲ್ಲವಾದ್ದರಿಂದ ಆದೇಶಗಳು ಕೆಲಸ ಮಾಡದೆ ಹೋಗಬಹುದು. ಕೀಲಿಯ ಸ್ಥಾನದಿಂದ ಗುರುತಿಸುವ ಬೈಂಡ್‌ಕೋಡ್ ಬಳಸಬೇಕು. ಮೇಲಾಗಿ ಇಂಥ ವ್ಯವಸ್ಥೆಯಲ್ಲಿ ಬಹುಪಾಲು ಕೆಲಸ, ಆದೇಶಗಳನ್ನು ಟೈಪ್ ಮಾಡುವ ಟರ್ಮಿನಲ್ ಎಂಬ ವಿಂಡೋದಲ್ಲಿ ನಡೆಯುತ್ತದೆ. ಟರ್ಮಿನಲ್ ಪ್ರತಿ ಅಕ್ಷರಕ್ಕೂ ಒಂದೇ ಅಳತೆಯ ಮನೆ ಕೊಡುವುದರಿಂದ, ಹೆಚ್ಚಿನ ಟರ್ಮಿನಲ್‌ಗಳಲ್ಲಿ ಕನ್ನಡದ ಒತ್ತುಗಳೂ ಗುಣಿತಗಳೂ ಚದುರಿ ಕಾಣುತ್ತವೆ. ತನ್ನ ಹೆಸರನ್ನು ಸರಿಯಾಗಿ ತೋರಿಸದ ಪರದೆಯನ್ನು ಎಂಟನೆಯ ತರಗತಿಯ ಹುಡುಗಿಯ ಮುಂದೆ ಇಡುವುದು ಸರಿಯಲ್ಲ. ಒಬ್ಬರೇ ಬಳಸುವ, ಅವರೇ ದುರಸ್ತಿ ಮಾಡಿಕೊಳ್ಳುವ ಯಂತ್ರಕ್ಕೆ ಐ3 ಶ್ರೇಷ್ಠ. ಆ ವಿದ್ಯಾರ್ಥಿ ಪದವಿ ಮುಗಿಸಿ ಪುಣೆಗೋ ಬೆಂಗಳೂರಿಗೋ ಹೋದ ಮೇಲೂ ನಡೆಯಬೇಕಾದ ಯಂತ್ರಕ್ಕೆ ಅಲ್ಲ.

ಈ ವಿಷಯದಲ್ಲಿ ನೆರೆಯ ಕೇರಳದಿಂದ ಕಲಿಯುವುದಿದೆ. 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ ಮುಂದೆ ಸ್ವತಂತ್ರ ತಂತ್ರಾಂಶಕ್ಕೆ ಹೊರಳಿ, 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಗಿ ಬೆಳೆದಿದೆ. ಅಲ್ಲಿನ ಶಾಲೆಗಳಿಗೆ ಉಬುಂಟುವಿನ ಮೇಲೆ ಕಟ್ಟಿದ ಒಂದೇ ಲಿನಕ್ಸ್ ವ್ಯವಸ್ಥೆಯನ್ನು ಕೊಟ್ಟಿದ್ದಾರೆ. ಅದು ಯಾವ ಡೆಸ್ಕ್‌ಟಾಪ್ ಎಂಬುದಕ್ಕಿಂತ, ಒಂದು ಶಾಲೆಯ ಶಿಕ್ಷಕರು ಇನ್ನೊಂದು ಶಾಲೆಗೆ ವರ್ಗವಾದರೂ ಅದೇ ಪರದೆ ಕಾಣುತ್ತದೆ ಎಂಬುದು ದೊಡ್ಡ ಮಾತು. ನಮ್ಮಲ್ಲಿ ಒಂದೇ ತಾಲೂಕಿನ ಮೂರು ಶಾಲೆಗಳಲ್ಲಿ ಮೂರು ಬಗೆಯ ಡೆಸ್ಕ್‌ಟಾಪ್ ಇರುವುದನ್ನು ನಾನೇ ನೋಡಿದ್ದೇನೆ. ಹಾಕಿಕೊಟ್ಟವರಿಗೆ ಯಾವುದು ಇಷ್ಟವೋ ಅದು.

ಎಲ್ಲ ಕಡೆಯೂ ಎಕ್ಸ್‌ಎಫ್‌ಸಿಇಯೇ ಇರಬೇಕು ಎಂದು ನಾನು ಹೇಳುತ್ತಿಲ್ಲ. ದೃಷ್ಟಿದೋಷವಿರುವ ಮಕ್ಕಳು ಬಳಸುವ ಯಂತ್ರವಾದರೆ, ಪರದೆಯನ್ನು ಓದಿ ಹೇಳುವ ಓರ್ಕಾ ತಂತ್ರಾಂಶ ಗ್ನೋಮ್ ಮತ್ತು ಮಾಟೆಯಲ್ಲಿ ಹೆಚ್ಚು ಭರವಸೆಯಿಂದ ನಡೆಯುವುದರಿಂದ ಅವುಗಳನ್ನೇ ಆರಿಸಬೇಕು. ಅದರೊಡನೆ ಬಳಸುವ ಈಸ್ಪೀಕ್ ಎನ್‌ಜಿ ಕನ್ನಡವನ್ನೂ ಓದುತ್ತದೆ. ಧ್ವನಿ ಯಾಂತ್ರಿಕವಾದರೂ ಅರ್ಥವಾಗುತ್ತದೆ. ಹಾಗೆಯೇ ಹೊಸ ಲ್ಯಾಪ್‌ಟಾಪುಗಳ ಒತ್ತಾದ ಪರದೆಗಳಲ್ಲಿ ಅಕ್ಷರಗಳನ್ನು ಹದವಾಗಿ ಹಿಗ್ಗಿಸಲು ಪ್ಲಾಸ್ಮಾ, ಗ್ನೋಮ್ ಎರಡೂ ಎಕ್ಸ್‌ಎಫ್‌ಸಿಇಗಿಂತ ಮೇಲು. ಎಕ್ಸ್‌ಎಫ್‌ಸಿಇ ಪರದೆಯ ಮೇಲೆ ಚಿತ್ರ ಮೂಡಿಸಲು ಇನ್ನೂ 1987ರ ಎಕ್ಸ್11 ವ್ಯವಸ್ಥೆಯನ್ನೇ ನೆಚ್ಚಿಕೊಂಡಿದೆ, ಉಳಿದವರೆಲ್ಲ 2008ರಲ್ಲಿ ಆರಂಭವಾದ ವೇಲ್ಯಾಂಡಿಗೆ ಹೋಗುತ್ತಿದ್ದಾರೆ, ನಾಳೆ ಇದು ನಿಂತುಹೋದರೆ ಎಂದು ಕೆಲವರು ಹೆದರಿಸುತ್ತಾರೆ. 2024ರ ಡಿಸೆಂಬರಿನಲ್ಲಿ ಬಂದ 4.20ರಲ್ಲಿಯೇ ವೇಲ್ಯಾಂಡಿನ ಆರಂಭದ ಕೆಲಸ ಸೇರಿದೆ. ಡೆಬಿಯನ್ 13ಕ್ಕೆ ಒಟ್ಟು 5 ವರ್ಷ ಭದ್ರತಾ ಪರಿಷ್ಕರಣೆ ದೊರೆಯುತ್ತದೆ. ಅಂದರೆ 2025ರಲ್ಲಿ ಎಂಟನೆಯ ತರಗತಿ ಸೇರಿದ ಮಗು ಪಿಯುಸಿ ಮುಗಿಸುವವರೆಗೆ ಈ ಚಿಂತೆ ಬೇಡ.

ಆದ್ದರಿಂದ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಲ್ಲಿಯೂ, ಯಂತ್ರಗಳನ್ನು ದಾನ ಮಾಡುವ ಹಳೆಯ ವಿದ್ಯಾರ್ಥಿಗಳಲ್ಲಿಯೂ, ಅವನ್ನು ಹೊಂದಿಸಿಕೊಡುವ ತರುಣರಲ್ಲಿಯೂ ನನ್ನ ವಿನಂತಿ ಇದು. ಕನಿಷ್ಠ ಒಂದು ತಾಲೂಕಿನ ಶಾಲೆಗಳವರು ಮಾತಾಡಿಕೊಂಡು ಒಂದೇ ಡೆಸ್ಕ್‌ಟಾಪ್ ಆರಿಸಿರಿ. ಹಾಕುವ ಮೊದಲು ಪೆನ್‌ಡ್ರೈವಿನಿಂದಲೇ ನಡೆಸಿ, ಅಲ್ಲಿನ ಶಿಕ್ಷಕರನ್ನು ಒಂದು ವಾರ ಅದರ ಮುಂದೆ ಕೂರಿಸಿ, ಅವರ ಮಾತು ಕೇಳಿರಿ. ಹಾಕಿದ ಮೇಲೆ ಮೆನು ಎಲ್ಲಿದೆ, ಕನ್ನಡಕ್ಕೆ ಯಾವ ಕೀಲಿ, ಮುಚ್ಚುವುದು ಹೇಗೆ ಎಂಬುದನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿರಿ. ಮತ್ತು ಆ ಕೊಠಡಿಯಿಂದ ಹೊರಡುವ ಮೊದಲು ಪ್ರತಿ ಯಂತ್ರದಲ್ಲಿಯೂ "ಲಕ್ಷ್ಮೇಶ್ವರ" ಎಂದು ಟೈಪ್ ಮಾಡಿ ನೋಡಿರಿ. ನಮ್ಮ ಜಿಲ್ಲೆಯ ಈ ಊರಿನ ಹೆಸರಿಗೆ ಕಗಪದಲ್ಲಿ ಒತ್ತಕ್ಷರದ ಎಫ್ ಕೀಲಿಯನ್ನು 3 ಸಲ ಒತ್ತಬೇಕು, ಒಂದರ ಕೆಳಗೊಂದು ಎರಡು ಒತ್ತುಗಳು ಬರಬೇಕು. ಅದೇ ಹೆಸರಿನಲ್ಲಿ ಕಡತವನ್ನು ಉಳಿಸಿ, ವಿಂಡೋದ ತಲೆಪಟ್ಟಿಯಲ್ಲಿಯೂ ಕೆಳಗಿನ ಪಟ್ಟಿಯಲ್ಲಿಯೂ ಆ ಒತ್ತುಗಳು ತುಂಡಾಗದೆ ಪೂರ್ತಿ ಕಾಣುತ್ತವೆಯೇ ಎಂದು ನೋಡಿರಿ. ಕಾಣದಿದ್ದರೆ ನೋಟೋ ಅಥವಾ ಗುಬ್ಬಿ ಫಾಂಟನ್ನು ಹಾಕಿ, ಪಟ್ಟಿಯ ಎತ್ತರವನ್ನು ನಾಲ್ಕಾರು ಪಿಕ್ಸೆಲ್ ಹೆಚ್ಚಿಸಿ, ಮತ್ತೊಮ್ಮೆ ನೋಡಿಯೇ ಬೀಗದ ಕೈ ಮುಖ್ಯೋಪಾಧ್ಯಾಯರಿಗೆ ಒಪ್ಪಿಸಿರಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ,
ಗದಗ-ಬೆಟಗೇರಿ